ಕಂಡಕ್ಟರ್ ಕೇಳಿದ ಕ್ಷಮೆ

ಲಾಕ್‌ಡೌನಿನ ಮೂರು ತಿಂಗಳು ಡಿಪೋದಲ್ಲಿ ಧೂಳು ಹಿಡಿದು ನಿಂತಿದ್ದ ಬಸ್ಸುಗಳು ಮತ್ತೆ ರಸ್ತೆಗಿಳಿದ ದಿನವೇ ಆ ಮನೆಯಲ್ಲಿ ಜಗಳವೂ ಶುರುವಾಯಿತು. ಶುರುವಾದದ್ದು ಒಂದು ಬಕೆಟ್ ಬಿಸಿನೀರಿನಿಂದ.

ಆ ಮನೆಯ ಸೊಸೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಹದಿನಾಲ್ಕು ವರ್ಷದ ಸರ್ವಿಸು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬಂದವಳು ಮುಂಬಾಗಿಲ ಕಡೆ ತಲೆ ಹಾಕದೆ, ಪಕ್ಕದ ಸಂದಿಯಿಂದ ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಗಂಡನನ್ನು ಕೂಗಿದಳು.

"ರೀ, ಒಂದು ಬಕೆಟ್ ಬಿಸಿನೀರು ತಂದಿಡಿ. ಸೋಪಿನ ಪುಡಿನೂ. ಹತ್ರ ಬರಬೇಡಿ, ಅಲ್ಲೇ ಇಟ್ಟು ಹೋಗಿ."

ಗಂಡ ಹಾಸ್ಟೆಲೊಂದರಲ್ಲಿ ಅಡುಗೆಯವನಾಗಿದ್ದ. ಹುಡುಗರೆಲ್ಲ ಊರಿಗೆ ಹೋದ ಮೇಲೆ ಹಾಸ್ಟೆಲ್ಲಿಗೆ ಬೀಗ ಬಿದ್ದು ಈಗ ಮನೆಯಲ್ಲೇ ಅಡುಗೆ. ನೂರಿಪ್ಪತ್ತು ಜನಕ್ಕೆ ಬೇಯಿಸಿದ ಕೈ ನಾಲ್ಕು ಜನಕ್ಕೆ ಅಳತೆ ಮರೆತಿತ್ತು. ಒಂದು ದಿನ ಉಪ್ಪು ಜಾಸ್ತಿ, ಇನ್ನೊಂದು ದಿನ ಅನ್ನ ಜಾಸ್ತಿ. ಅವನು ಬಕೆಟ್ ತಂದಿಟ್ಟ. ಅವನ ಹಿಂದೆಯೇ ಮಾವನೂ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು.

"ಏನಮ್ಮಾ ಇದು, ಕೊಚ್ಚೇಲಿ ಬಿದ್ದು ಬಂದೋಳ ಹಾಗೆ?"

"ಬಸ್ಸಲ್ಲಿ ಇನ್ನೂರು ಜನ ಹತ್ತಿ ಇಳೀತಾರೆ ಮಾವ. ಯಾರ ಮೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು?"

"ಗೊತ್ತಿಲ್ಲ ಅಂತ ನೀನೇ ಹೇಳ್ತಿದೀಯ. ಗೊತ್ತಿಲ್ಲದ್ದಕ್ಕೆ ಬಿಸಿನೀರು ಯಾಕೆ? ಸಾಕ್ಷಿ ಏನು?"

ಮಾವ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ವಕೀಲರು ಆಡಿದ್ದನ್ನು, ಕಳ್ಳರು ಒಪ್ಪಿಕೊಂಡದ್ದನ್ನು, ಸಾಕ್ಷಿಗಳು ತಡವರಿಸಿದ್ದನ್ನು ಟೈಪ್ ಮಾಡಿ ಮಾಡಿ, ನಿವೃತ್ತಿಯಾಗುವ ಹೊತ್ತಿಗೆ ತಾವೇ ನ್ಯಾಯಾಧೀಶರು ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಈ ರೋಗ ಔಷಧಿ ಕಂಪನಿಗಳು ಹಬ್ಬಿಸಿದ ಗುಲ್ಲು ಎಂದು ಅವರು ಮೊದಲ ವಾರದಲ್ಲೇ ತೀರ್ಪು ಕೊಟ್ಟಾಗಿತ್ತು. ಬೆಳಗ್ಗೆ ಎರಡು ಎಸಳು ಬೆಳ್ಳುಳ್ಳಿ, ಒಂದು ಲೋಟ ಬಿಸಿನೀರು. ಅಷ್ಟಾದರೆ ಯಾವ ರೋಗವೂ ಹತ್ತಿರ ಸುಳಿಯದು. ಸಂಜೆ ಚಹಾ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಜನ ಓರಗೆಯವರ ಜೊತೆ ಭುಜಕ್ಕೆ ಭುಜ ತಾಗಿಸಿ ಕೂರದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಮಾಸ್ಕು ಜೇಬಿನಲ್ಲಿ ಇರುತ್ತಿತ್ತು, ಪೊಲೀಸರು ಕಂಡರೆ ಇರಲಿ ಅಂತ.

"ಅಂಗಡಿಗೆ ಹೋಗಿ ಮಾವ, ಬೇಡ ಅನ್ನಲ್ಲ. ಮೂಗು ಮುಚ್ಕೊಂಡು ಹೋಗಿ ಅಷ್ಟೇ," ಎಂದು ಸೊಸೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

"ಬಾಯಿ ಮುಚ್ಚಿಸೋಕೆ ನಿಮ್ಮತ್ತೆ ಕೈಲೇ ಆಗ್ಲಿಲ್ಲ, ಪಾಪ ಹೋಗ್ಬಿಟ್ಲು. ನೀನು ಮೂಗು ಮುಚ್ಚಿಸ್ತೀಯ?" ಎಂದು ಅವರು ನಕ್ಕು ಚಪ್ಪಲಿ ಮೆಟ್ಟುತ್ತಿದ್ದರು.

ಗಂಡನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ. "ಅಪ್ಪ ಹೇಳೋದ್ರಲ್ಲೂ ಇದೆ, ನೀನು ಹೇಳೋದ್ರಲ್ಲೂ ಇದೆ" ಎಂದು ಸೌಟು ತೊಳೆಯುತ್ತ ನಿಲ್ಲುತ್ತಿದ್ದ. ಅಮ್ಮನ ಕಡೆಗೆ ಇದ್ದವಳು ಮಗಳು ಒಬ್ಬಳೇ. ಹದಿನಾರು ವರ್ಷ, ಹತ್ತನೇ ಕ್ಲಾಸು, ಬಾಯಿ ಸ್ವಲ್ಪ ಜೋರು. ಕ್ಲಾಸು ಈಗ ಫೋನಿನಲ್ಲಿ. ಮನೆಯಲ್ಲಿ ದೊಡ್ಡ ಪರದೆಯ ಫೋನು ಇದ್ದದ್ದು ತಾತನದು, ಪಿಂಚಣಿಯಲ್ಲಿ ಕೊಂಡದ್ದು. ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಅದು ಮೊಮ್ಮಗಳ ಕೈಯಲ್ಲಿ. ಗಣಿತದ ಮೇಷ್ಟ್ರು ಸಮೀಕರಣ ಬಿಡಿಸುತ್ತಿರುವಾಗಲೇ ಪರದೆಯ ಮೇಲಿನಿಂದ 'ಮಾಸ್ಕ್ ಹಾಕಿದರೆ ನಿಮ್ಮ ವಿಷ ನೀವೇ ಕುಡಿದಂತೆ, ಹತ್ತು ಜನರಿಗೆ ಕಳಿಸಿ' ಎಂದು ಸಂದೇಶಗಳು ಇಳಿದು ಬರುತ್ತಿದ್ದವು.

"ತಾತಾ, ನಿನ್ನ ಗೆಳೆಯರಿಗೆ ಹನ್ನೆರಡರ ತನಕ ಸುಮ್ನಿರೋಕೆ ಹೇಳು. ಇಲ್ಲಾಂದ್ರೆ ಪರೀಕ್ಷೇಲಿ ನಾನೂ ಬೆಳ್ಳುಳ್ಳಿ ಅಂತಲೇ ಬರೆದು ಬರ್ತೀನಿ."

ಬಸ್ಸಿನಲ್ಲಿ ಸೊಸೆಯ ಜೊತೆಗಾರ ಒಬ್ಬ ಡ್ರೈವರ್. ಆರು ವರ್ಷದಿಂದ ಒಂದೇ ಬಸ್ಸು, ಒಂದೇ ರೂಟು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಸಕ್ಕರೆ ಕಾಯಿಲೆ. ಮಧ್ಯಾಹ್ನದ ಊಟಕ್ಕೆ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಾಗ ಮೊದಲಾದರೆ ಇಬ್ಬರೂ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದರು. ಈಗ ಅವನು ಮುಂದಿನ ಸೀಟಿನಲ್ಲಿ, ಅವಳು ಹಿಂದಿನ ಸೀಟಿನಲ್ಲಿ, ನಡುವೆ ಇಡೀ ಬಸ್ಸು.

"ತಂಗೀ, ಪಲ್ಯ ಏನು ಇವತ್ತು?" ಎಂದು ಅವನು ಮುಂದಿನಿಂದ ಕೂಗುವನು.

"ಆಲೂಗಡ್ಡೆ ಅಣ್ಣಾ. ನೀವು ತಿನ್ನೋ ಹಾಗಿಲ್ಲ."

"ವಾಸನೆ ಬರ್ತಿದೆಯಲ್ಲ, ಅಷ್ಟು ಸಾಕು. ಮೂಗು ಸರಿಯಿದೆ ಅಂತಾಯ್ತು. ವಾಸನೆ ಹೋದ್ರೆ ತಾನೆ ರೋಗ!"

ಇಬ್ಬರೂ ನಗುತ್ತಿದ್ದರು. ಆದರೆ ಪ್ರಯಾಣಿಕರು ಯಾರಾದರೂ ಕೆಮ್ಮಿದರೆ ಡ್ರೈವರಿನ ಕಣ್ಣು ಕನ್ನಡಿಯಲ್ಲಿ ಹಿಂದಕ್ಕೆ ಹರಿಯುವುದನ್ನು ಅವಳು ನೋಡುತ್ತಿದ್ದಳು.

ಬಸ್ಸು ಶುರುವಾದ ಮೂರನೇ ವಾರ ಅದು ನಡೆಯಿತು. ಹನ್ನೊಂದು ಗಂಟೆಯ ಟ್ರಿಪ್. ಅರವತ್ತು ದಾಟಿದ ಒಬ್ಬ ಮನುಷ್ಯ ಹತ್ತಿ ನೇರವಾಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಮಾಸ್ಕು ಗಲ್ಲದ ಕೆಳಗೆ. ಟಿಕೆಟ್ ಕೊಡುವಾಗ ಇವಳು ಹೇಳಿದಳು, ಏರಿಸಿಕೊಂಡ. ಮುಂದಿನ ಸ್ಟಾಪಿಗೆ ಇಳಿಸಿ ಫೋನಿನಲ್ಲಿ ಜೋರಾಗಿ ಮಾತಾಡತೊಡಗಿದ. ಮತ್ತೆ ಹೇಳಿದಳು, ಏರಿಸಿದ. ಮೂರನೇ ಸಲ ಅವನು ಮಾಸ್ಕನ್ನು ಪೂರ್ತಿ ತೆಗೆದು ಕೆಮ್ಮಿದ. ಕೆಮ್ಮು ಡ್ರೈವರಿನ ಕತ್ತಿನ ಮೇಲೇ ಬಿತ್ತು.

"ಸರ್, ಎಷ್ಟು ಸಲ ಹೇಳಬೇಕು?"

"ಉಸಿರು ಕಟ್ಟುತ್ತಮ್ಮಾ. ನಿನ್ನ ವಯಸ್ಸಲ್ಲ ನನ್ನದು."

"ಡ್ರೈವರ್‌ಗೂ ವಯಸ್ಸಾಗಿದೆ ಸರ್. ಹಾಕ್ಕೊಳ್ಳಿ, ಇಲ್ಲಾಂದ್ರೆ ಹಿಂದೆ ಕಿಟಕಿ ಹತ್ರ ಹೋಗಿ ಕೂತ್ಕೊಳ್ಳಿ."

"ದುಡ್ಡು ಕೊಟ್ಟು ಕೂತಿದೀನಿ, ಎಲ್ಲಿ ಬೇಕಾದ್ರೂ ಕೂರ್ತೀನಿ. ಬಸ್ಸು ನಿಮ್ಮಪ್ಪಂದಾ?"

ಬಸ್ಸಿನಲ್ಲಿ ಎರಡು ಪಕ್ಷವಾಯಿತು. ತರಕಾರಿ ಬುಟ್ಟಿಯ ಹೆಂಗಸು, "ಹಾಕ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ ಸ್ವಾಮಿ?" ಎಂದಳು. ಹಿಂದಿನಿಂದ ಯಾರೋ, "ಬಾರಲ್ಲಿ ಕ್ಯೂ ನಿಂತಾಗ ಬರಲ್ವಂತೆ, ಬಸ್ಸಲ್ಲಿ ಮಾತ್ರ ಬರುತ್ತಂತೆ ರೋಗ" ಎಂದು ನಗಿಸಿದ. "ವಯಸ್ಸಾದೋರಿಗೆ ಹೀಗೆ ಮಾತಾಡ್ತಾರೇನ್ರೀ" ಎಂದ ಇನ್ನೊಬ್ಬ. ಫೋನುಗಳು ಮೇಲೆದ್ದವು. ಅವಳಿಗೆ ರೇಗಿಹೋಗಿತ್ತು. ಸೀಟಿ ಊದಿ ಬಸ್ಸು ನಿಲ್ಲಿಸಿದಳು.

"ಇಳೀರಿ ಕೆಳಗೆ. ನಿಮ್ಮ ಉಸಿರು ನಿಮ್ಮನೇಲಿಟ್ಕೊಳ್ಳಿ, ನಮ್ಮ ಮೇಲೆ ಬಿಡಬೇಡಿ."

ಅವನು ಇಳಿದ. ಅಲ್ಲಿ ಸ್ಟಾಪ್ ಇರಲಿಲ್ಲ, ನೆರಳೂ ಇರಲಿಲ್ಲ. ಬಸ್ಸು ಹೊರಟಾಗ ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಹಿಂದಿನ ಗಾಜಿನಲ್ಲಿ ಕಂಡಿತು. ಮುಂದಿನ ಸ್ಟಾಪಿನಲ್ಲೇ ಇಳಿಸಬಹುದಿತ್ತು ಎಂದು ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ಯಾರೋ ಚಿಲ್ಲರೆ ಕೇಳಿದರು.

ಅದಾದ ಎರಡನೇ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಅವತ್ತು ಗಂಡ ಮೊಟ್ಟೆ ಬೇಯಿಸಿದ್ದ. ಮಾವ ಬಲಗೈಯಲ್ಲಿ ಕಲಸುತ್ತ ಎಡಗೈಯಲ್ಲಿ ಫೋನು ಹಿಡಿದು, "ಇದನ್ನ ನೋಡ್ರೋ, ಇಲ್ಲಿ ನೋಡಿ ಇವಳ ಸೊಕ್ಕು!" ಎಂದು ಮಗನ ಮುಂದೆ ಚಾಚಿದರು.

ವೀಡಿಯೊ ಶುರುವಾಗುತ್ತಿದ್ದದ್ದೇ 'ಇಳೀರಿ ಕೆಳಗೆ'ಯಿಂದ. ಹಿಂದಿನ ಸೀಟಿನಿಂದ ತೆಗೆದದ್ದು. ಖಾಕಿ ಅಂಗಿ, ಮೂಗಿನ ಮೇಲೆ ನೀಲಿ ಮಾಸ್ಕು, ಎತ್ತಿದ ಬೆರಳು. ಆಮೇಲೆ ಮುದುಕ ಮೆಟ್ಟಿಲು ಇಳಿಯುವುದು, ಕಲ್ಲಿನ ಮೇಲೆ ಕೂರುವುದು. ಕೆಮ್ಮು ಇರಲಿಲ್ಲ. ಮೂರು ಸಲ ಹೇಳಿದ್ದೂ ಇರಲಿಲ್ಲ.

"ಸರ್ಕಾರಿ ಸಂಬಳ ತಿಂದು ತಿಂದು ಕೊಬ್ಬು. ನನ್ನ ವಯಸ್ಸಿನ ಮನುಷ್ಯನ್ನ ರಸ್ತೇಲಿ ಇಳಿಸ್ತಾಳೆ! ನಲವತ್ತಮೂರು ಜನಕ್ಕೆ ಕಳಿಸಿದೀನಿ. ಕೆಳಗೆ ನಾನೇ ಒಂದು ಸಾಲು ಬರೆದೆ ನೋಡು, 'ಇಂಥವಳನ್ನು ಮನೆಯಲ್ಲಿ ಅದು ಹೇಗೆ ಸಹಿಸುತ್ತಾರೋ!' ಎಲ್ಲರೂ ಮೆಚ್ಚಿದಾರೆ."

ಸೊಸೆ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಗಂಡ ಫೋನು ನೋಡಿದ, ಹೆಂಡತಿಯನ್ನು ನೋಡಿದ, ತಟ್ಟೆ ನೋಡಿಕೊಂಡ.

"ತಾತಾ," ಎಂದಳು ಮಗಳು. "ಅದು ಅಮ್ಮ."

"ಯಾರು?"

"ಅಮ್ಮ. ನಮ್ಮಮ್ಮ. ಈಗ ನಿನಗೆ ಸಾರು ಬಡಿಸ್ತಿರೋಳು."

ಮಾವ ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. "ಮುಖ ಎಲ್ಲಿ ಕಾಣುತ್ತೆ? ಸಾಕ್ಷಿ ಏನು?"

"ನಾನೇ ಮಾವ," ಎಂದಳು ಸೊಸೆ.

ಮಾವ ಕ್ಷಮೆ ಕೇಳಬಹುದಿತ್ತು. ಕೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಆದರೆ ಅವರು ಗಂಟಲು ಸರಿಮಾಡಿಕೊಂಡು, "ನೀನೇ ಆಗಿದ್ರೆ ಇನ್ನೂ ತಪ್ಪು. ನಮ್ಮ ಮನೆ ಸೊಸೆ ಹಿರಿಯರಿಗೆ ಬೆರಳು ತೋರಿಸೋದಾ?" ಎಂದರು.

"ಅವರು ಮೂರು ಸಲ ಮಾಸ್ಕ್ ತೆಗೆದ್ರು. ಡ್ರೈವರ್ ಅಣ್ಣನ ಕತ್ತಿನ ಮೇಲೇ ಕೆಮ್ಮಿದ್ರು."

"ವೀಡಿಯೊದಲ್ಲಿ ಇಲ್ಲ."

"ವೀಡಿಯೊದಲ್ಲಿ ಇಲ್ದಿದ್ರೆ ನಡೆದೇ ಇಲ್ವಾ? ಅಳಿಸಿಬಿಡಿ ಮಾವ ಅದನ್ನ. ನಿಮ್ಮ ನಲವತ್ತಮೂರು ಜನದಲ್ಲಿ ನನ್ನ ನಾದಿನಿ ಇದಾಳೆ, ನಮ್ಮ ಚಿಕ್ಕಪ್ಪ ಇದಾರೆ."

"ಅದು ಹ್ಯಾಗಾಗುತ್ತೆ? ಈಗ ಅಳಿಸಿದ್ರೆ ನಮ್ಮನೆಯವಳೇ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ. ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ."

ಆದರೆ ಗೊತ್ತಾಯಿತು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ನಾದಿನಿಯ ಫೋನು ಬಂತು. "ಅತ್ತಿಗೇ, ಧ್ವನಿ ಕೇಳಿದ ತಕ್ಷಣ ಗೊತ್ತಾಯ್ತು. ಅಪ್ಪನೇ ಕಳಿಸಿದ್ರಲ್ಲ, ಮನೇಲಿ ಏನಾದ್ರೂ ಆಗಿದೆಯಾ?"

ಡಿಪೋದಲ್ಲಿ ಮೆಮೊ ಕಾಯುತ್ತಿತ್ತು. ಸಾರ್ವಜನಿಕರೊಂದಿಗೆ ಅಸಭ್ಯ ವರ್ತನೆ. ಏಳು ದಿನದಲ್ಲಿ ಉತ್ತರ ಕೊಡತಕ್ಕದ್ದು. ಆ ಮುದುಕನ ಮಗ ದೂರು ಕೊಟ್ಟಿದ್ದ. ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಮೂರು ತಿಂಗಳಲ್ಲಿ ಮೂರು ವರ್ಷದಷ್ಟು ಸೊರಗಿದ್ದ.

"ಕೂತ್ಕೊಳ್ಳಮ್ಮ. ನೀನು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ."

"ಮಾಸ್ಕ್ ಇಲ್ದೋರನ್ನ ಹತ್ತಿಸಬೇಡಿ, ಹತ್ತಿಸಿದ್ರೆ ಕಂಡಕ್ಟರೇ ಹೊಣೆ ಅಂತ ನೀವೇ ಆರ್ಡರ್ ಅಂಟಿಸಿದೀರಿ ಸರ್."

"ಅಂಟಿಸಿದೀನಿ. ಅದರ ಪಕ್ಕದಲ್ಲೇ ಪ್ರಯಾಣಿಕರಿಗೆ ಯಾವುದೇ ತೊಂದರೆ ಆಗಬಾರದು ಅಂತ ಇನ್ನೊಂದು ಆರ್ಡರೂ ಅಂಟಿಸಿದೀನಿ. ಎರಡೂ ಮೇಲಿಂದ ಬಂದದ್ದೇ. ನಾನು ಬರೀ ಗೋಂದು." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಒಂದು ಕ್ಷಮಾಪಣೆ ಬರೆದುಕೊಡು. ಆಫೀಸಿನ ಮುಂದೆ ನಿಂತು ಅದನ್ನ ಓದಿಬಿಡು, ಗುಮಾಸ್ತ ವೀಡಿಯೊ ಮಾಡ್ಕೋತಾನೆ. ಅಲ್ಲಿಗೆ ಮುಗೀತು. ಇಲ್ಲಾಂದ್ರೆ ಸಸ್ಪೆಂಡ್ ಮಾಡು ಅಂತಿದಾರೆ."

ಹೊರಗೆ ಡ್ರೈವರ್ ಕಾಯುತ್ತಿದ್ದ. ವಿಷಯ ಕೇಳಿ ತುಪಕ್ಕನೆ ಉಗುಳುವವನು, ಉಗುಳಬಾರದೆಂದು ನೆನಪಾಗಿ ನುಂಗಿಕೊಂಡ.

"ಕ್ಷಮೆ ಯಾಕೆ ಕೇಳ್ತೀಯ? ನಾನು ಬರೆದುಕೊಡ್ತೀನಿ ತಂಗೀ. ಮೂವತ್ತು ವರ್ಷ ಇಡೀ ಪ್ರಪಂಚ ಕನ್ನಡಿಯಲ್ಲೇ ನೋಡಿದೋನು ನಾನು. ಮೂರು ಸಲ ತೆಗೆದದ್ದೂ ಕಂಡೆ, ಕೆಮ್ಮಿದ್ದೂ ಕಂಡೆ. ನಾಳೆ ಬರೆದು ತಂದು ಮ್ಯಾನೇಜರ್ ಮೇಜಿನ ಮೇಲೆ ಇಡ್ತೀನಿ. ಏನು ಮಾಡ್ತಾರೋ ನೋಡೋಣ."

ಮಾರನೆಯ ದಿನ ಅವನು ಬರಲಿಲ್ಲ. ಜ್ವರ. ಎರಡು ದಿನ ಬಿಟ್ಟು ಆಸ್ಪತ್ರೆ ಸೇರಿದ. ಜೊತೆಗಿದ್ದವರೆಲ್ಲ ಪರೀಕ್ಷೆ ಮಾಡಿಸಿಕೊಂಡು ಐದು ದಿನ ಮನೆಯಲ್ಲಿರಬೇಕೆಂದು ಡಿಪೋದಿಂದ ಹೇಳಿದರು. ಅವಳಿಗೆ ಏನೂ ಇಲ್ಲವೆಂದು ಬಂತು. ಆದರೂ ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ, ಅಕ್ಕಿ ಚೀಲ ಈರುಳ್ಳಿ ಬುಟ್ಟಿಗಳ ನಡುವೆ ಚಾಪೆ ಹಾಸಿಕೊಂಡು ಕದ ಮುಚ್ಚಿಕೊಂಡಳು.

"ರೋಗ ಇಲ್ಲ ಅಂತ ಅವರೇ ಬರೆದುಕೊಟ್ಟಿದಾರೆ, ಇವಳು ನೋಡಿದ್ರೆ ಈರುಳ್ಳಿ ಜೊತೆ ಸಂಸಾರ ಮಾಡ್ತಿದಾಳೆ," ಎಂದು ಮಾವ ಕದದ ಆಚೆಯಿಂದ ಹೇಳಿದ್ದು ಕೇಳಿಸಿತು.

ಮೂರನೆಯ ದಿನ ಅವಳಿಗೆ ಟಕಟಕ ಸದ್ದು ಕೇಳಿಸಿತು. ಮಾವ ಮಂಚದ ಕೆಳಗಿಂದ ಹಳೆಯ ಟೈಪ್‌ರೈಟರ್ ಎಳೆದು, ಎಣ್ಣೆ ಬಿಟ್ಟು, ಊಟದ ಮೇಜಿನ ಮೇಲೆ ಕೂರಿಸಿದ್ದರು. ವಿಷಯ ಹೇಳಿ ಬರೆದುಕೊಡಲು ಕೇಳಿದವನು ಗಂಡನೇ. ಇಡೀ ಬೆಳಿಗ್ಗೆ ಸದ್ದಾಯಿತು. ಮಧ್ಯಾಹ್ನ ಊಟದ ತಟ್ಟೆಯ ಜೊತೆಗೆ ಒಂದು ಹಾಳೆಯೂ ಕದದ ಸಂದಿಯಿಂದ ಒಳಗೆ ಬಂತು.

'ನಾನು ದುಡುಕಿನಿಂದ, ಪೂರ್ವಾಪರ ವಿವೇಚನೆಯಿಲ್ಲದೆ, ಅಧಿಕಾರದ ಅಮಲಿನಲ್ಲಿ, ಮಾನ್ಯ ಹಿರಿಯ ನಾಗರಿಕರೊಬ್ಬರನ್ನು ವಿನಾಕಾರಣ ಅವಮಾನಿಸಿರುತ್ತೇನೆ. ಸದರಿ ಕೃತ್ಯಕ್ಕೆ ನಾನೇ ಸಂಪೂರ್ಣ ಹೊಣೆಯಾಗಿರುತ್ತೇನೆ...' ಒಂದು ಅಕ್ಷರ ತಪ್ಪಿರಲಿಲ್ಲ.

"ರೀ, ಇಲ್ಲಿ ಬನ್ನಿ," ಎಂದಳು. ಗಂಡ ಕದದ ಆಚೆ ಬಂದು ನಿಂತ. "ವಿನಾಕಾರಣ ಅಂತ ಬರೆದಿದಾರೆ. ಕಾರಣ ಇರ್ಲಿಲ್ವಾ?"

"ಅದು ಕೋರ್ಟಿನ ಭಾಷೆ ಕಣೇ. ಹಾಗೇ ಬರೆಯೋದು."

"ಅಮಲು ಅಂತೆ. ನಾನೇನು ಕುಡಿದಿದ್ನಾ?"

"ಅಪ್ಪ ಬೆಳಗ್ಗೆಯಿಂದ ಊಟ ಬಿಟ್ಟು ಕೂತು ಬರೆದಿದಾರೆ. ನೀನು ಕಾಮಾ ಪೂರ್ಣವಿರಾಮ ಹುಡುಕ್ತಾ ಕೂತ್ರೆ ಹ್ಯಾಗೆ? ನನ್ನ ಸಂಬಳ ನಿಂತು ನಾಲ್ಕು ತಿಂಗಳಾಯ್ತು. ನಿನ್ನದೂ ನಿಂತ್ರೆ ಒಲೆ ಮೇಲೆ ಏನಿಡಲಿ ಹೇಳು?"

ಕದದ ಆಚೆ ಮಗಳ ಧ್ವನಿ ಸೇರಿತು. "ಅಮ್ಮಾ, ಸೈನ್ ಮಾಡಬೇಡ. ಡ್ರೈವರ್ ಮಾಮ ಹುಷಾರಾಗಿ ಬಂದು ಹೇಳ್ತಾರೆ. ಅಲ್ಲೀತನಕ ಕಾಯಿ."

"ದೊಡ್ಡೋರ ಮಾತಿನ ಮಧ್ಯೆ ಬರಬೇಡ," ಎಂದ ಅಪ್ಪ.

"ದೊಡ್ಡೋರು ಮಾತಾಡಿದ್ರೆ ನಾನ್ಯಾಕೆ ಬರ್ತಿದ್ದೆ? ನೀನು ಒಂದು ಸಲನಾದ್ರೂ ತಾತನ ಮುಂದೆ ಅಮ್ಮಂದು ಸರಿ ಅಂದಿದೀಯಾ?"

ಛಟೀರ್ ಎಂದು ಸದ್ದಾಯಿತು. ಕಂಡಕ್ಟರ್ ಎದ್ದು ಕದಕ್ಕೆ ಕೈಯಿಟ್ಟಳು, ತೆರೆಯಲಿಲ್ಲ. ಇನ್ನೂ ಎರಡು ದಿನ ಬಾಕಿಯಿತ್ತು. ಆಚೆ ಮಗಳ ಹೆಜ್ಜೆಯ ಸದ್ದು ದೂರವಾಯಿತು. ಗಂಡ ಹಿಂದೆಂದೂ ಮಗಳ ಮೇಲೆ ಕೈ ಮಾಡಿದವನಲ್ಲ. ಇವಳು ಅಕ್ಕಿ ಚೀಲಕ್ಕೆ ಒರಗಿ ಕೂತಳು. ಆಸ್ಪತ್ರೆಗೆ ಫೋನು ಮಾಡಿದಳು. ಡ್ರೈವರಿಗೆ ಆಮ್ಲಜನಕ ಹಾಕಿದ್ದಾರೆ, ಮಾತಾಡುವ ಹಾಗಿಲ್ಲ ಎಂದು ಅಲ್ಲಿಯ ನರ್ಸ್ ಹೇಳಿದಳು. ಸಂಜೆ ತಟ್ಟೆ ತೊಳೆಯಲು ಹೊರಗಿಟ್ಟಾಗ ಸಹಿ ಮಾಡಿದ ಹಾಳೆಯೂ ಅದರ ಕೆಳಗಿತ್ತು.

ಡಿಪೋ ಆಫೀಸಿನ ಮುಂದೆ ಅವಳನ್ನು ನಿಲ್ಲಿಸಿದರು. ಗುಮಾಸ್ತ ಫೋನು ಹಿಡಿದ. ಸುತ್ತ ಹತ್ತು ಹನ್ನೆರಡು ಜನ. ಅರ್ಧ ಜನರ ಮೂಗು ಬಯಲಲ್ಲಿತ್ತು.

"ಮಾಸ್ಕ್ ತೆಗೀರಿ ಮೇಡಂ. ಮುಖ ಕಾಣಬೇಕಂತೆ."

ತೆಗೆದಳು. ಓದಿದಳು. ಮುಗಿಸಿದಾಗ ಗುಮಾಸ್ತ ತಲೆ ಕೆರೆದುಕೊಂಡ. "ಸ್ವಲ್ಪ ಬೇಗ ಓದಿಬಿಟ್ರಿ. ಇನ್ನೊಂದು ಸಲ. 'ಅವಮಾನಿಸಿರುತ್ತೇನೆ' ಅನ್ನೋ ಕಡೆ ಸ್ವಲ್ಪ ತಲೆ ತಗ್ಗಿಸಿ." ಎರಡನೇ ಸಲ ಅವನು ಹೇಳಿದ ಕಡೆಯೇ ತಗ್ಗಿಸಿದಳು.

ಆ ವೀಡಿಯೊ ಮೊದಲಿನದಕ್ಕಿಂತ ದೂರ ಹೋಯಿತು. ಮಾವನಿಗೂ ಬಂತು. ಅವರು ಅದನ್ನು ಅದೇ ನಲವತ್ತಮೂರು ಜನಕ್ಕೆ ಕಳಿಸಿದರು. ಈ ಸಲ ಕೆಳಗೆ ಬರೆದ ಸಾಲು, 'ನನ್ನ ಸೊಸೆ. ತಪ್ಪು ಒಪ್ಪಿಕೊಳ್ಳುವುದು ದೊಡ್ಡ ಗುಣ.' ಚಹಾ ಅಂಗಡಿಯ ಬೆಂಚಿನಲ್ಲಿ ಒಕ್ಕಣೆ ಯಾರದೆಂದು ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಹೇಳಿಕೊಂಡರು. ಆಮೇಲೆ ಬೀದಿಯ ಇಬ್ಬರು ಮೂವರು ತಮ್ಮ ಅರ್ಜಿ ಬರೆಸಿಕೊಳ್ಳಲು ಮನೆಗೇ ಬಂದರು. ಟೈಪ್‌ರೈಟರ್ ಮತ್ತೆ ಮಂಚದ ಕೆಳಗೆ ಹೋಗಲಿಲ್ಲ. ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂರತೊಡಗಿದರು.

ಆಸ್ಪತ್ರೆ ಸೇರಿದ ಹನ್ನೆರಡನೆಯ ದಿನ ಡ್ರೈವರ್ ತೀರಿಕೊಂಡ. ಯಾರನ್ನೂ ಹತ್ತಿರ ಬಿಡಲಿಲ್ಲ. ಡಿಪೋದಲ್ಲಿ ಎರಡು ನಿಮಿಷ ಮೌನವಾಗಿ ನಿಂತರು. ಎರಡು ನಿಮಿಷ ಮುಗಿಯುವ ಮೊದಲೇ ಒಂದು ಬಸ್ಸು ಹಾರ್ನ್ ಹೊಡೆಯಿತು. ವಾರ ಬಿಟ್ಟು ಅವಳು ಅವನ ಹೆಂಡತಿಗೆ ಫೋನು ಮಾಡಿದಳು. "ಅಕ್ಕಾ" ಎಂದಳು ಅಷ್ಟೇ.

"ನಿಮ್ಮ ಮಾತು ಬಹಳ ಆಡೋರು," ಎಂದಳು ಆ ಹೆಂಗಸು. ಅತ್ತು ಅತ್ತು ಒಣಗಿದ ಧ್ವನಿ. "ಅವತ್ತು ನೀವು ಬಸ್ಸು ನಿಲ್ಸಿದ್ದನ್ನ ಮನೆಗೆ ಬಂದು ಮಾಡಿ ತೋರಿಸಿದ್ರು, ಬೆರಳೆತ್ತಿ. ಮೂವತ್ತು ವರ್ಷದಲ್ಲಿ ನನ್ನ ಪರವಾಗಿ ಸೀಟಿ ಊದಿದೋಳು ಇವಳೊಬ್ಬಳೇ ಅಂತ ನಕ್ಕಿದ್ರು."

ಕಂಡಕ್ಟರ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಆಸ್ಪತ್ರೇಲಿ ಇದ್ದಾಗ ಪಕ್ಕದ ಹಾಸಿಗೆಯೋರು ನಿಮ್ಮ ಆ ಇನ್ನೊಂದು ವೀಡಿಯೊ ತೋರಿಸಿದ್ರಂತೆ. ನನಗೆ ಮೆಸೇಜ್ ಹಾಕಿದ್ರು, 'ಇವಳು ಯಾಕೆ ಹೀಗೆ ಮಾಡಿದಳು' ಅಂತ. ಆಮೇಲೆ ಮೆಸೇಜ್ ಬರ್ಲಿಲ್ಲ. ತಪ್ಪು ತಿಳೀಬೇಡಿ, ನಿಮಗೂ ಮನೆಮಠ ಇರುತ್ತೆ. ಹೇಳಬೇಕು ಅನ್ನಿಸ್ತು, ಹೇಳಿದೆ."

ಈ ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೊಸ ಡ್ರೈವರ್ ಚಿಕ್ಕ ವಯಸ್ಸಿನವನು, ಊಟ ಒಬ್ಬನೇ ಮಾಡುವನು. ಅವಳು ಟಿಕೆಟ್ ಕೊಟ್ಟಳು, ಚಿಲ್ಲರೆ ಕೊಟ್ಟಳು, ರೈಟ್ ಅಂದಳು, ಹೋಲ್ಡಾನ್ ಅಂದಳು. ಮಾಸ್ಕು ಗಲ್ಲಕ್ಕೆ ಹಾಕಿದವರಿಗೂ ಟಿಕೆಟ್, ಹಣೆಗೆ ಹಾಕಿದವರಿಗೂ ಟಿಕೆಟ್, ಹಾಕದವರಿಗೂ ಟಿಕೆಟ್. ಕೆಲವರು ಅವಳ ಗುರುತು ಹಿಡಿದು ಬೇಕೆಂದೇ ಮಾಸ್ಕು ತೆಗೆದು ಮುಖ ನೋಡುತ್ತಿದ್ದರು. ಅವಳು ಮಷೀನಿನ ಗುಂಡಿ ಒತ್ತುತ್ತಿದ್ದಳು.

ಹೀಗೆ ತಿಂಗಳು ಕಳೆದಿರಬೇಕು. ಮಾವನಿಗೆ ಪಿಂಚಣಿಯ ಕಾಗದದ ಕೆಲಸಕ್ಕೆ ಬ್ಯಾಂಕಿಗೆ ಹೋಗಬೇಕಿತ್ತು. ಅವರು ಅವಳದೇ ಬಸ್ಸು ಹತ್ತಿದರು. ಸೊಸೆಯನ್ನು ಕಂಡು ಹುಬ್ಬೇರಿಸಿ, ಗತ್ತಿನಿಂದ ದುಡ್ಡು ಚಾಚಿ ಟಿಕೆಟ್ ತೆಗೆದುಕೊಂಡು, ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸಿನ ಪಕ್ಕ ಕೂತರು. ಮಾಸ್ಕು ಎಂದಿನಂತೆ ಜೇಬಿನಲ್ಲಿ. ಆ ಹೆಂಗಸು ತುಂಬು ಬಸುರಿ, ಮಡಿಲಲ್ಲಿ ಆಸ್ಪತ್ರೆಯ ಚೀಟಿ. ಮುಖಕ್ಕೆ ಎರಡೆರಡು ಮಾಸ್ಕು ಹಾಕಿದ್ದಳು.

"ತಾತಾ, ಸ್ವಲ್ಪ ಮಾಸ್ಕ್ ಹಾಕ್ಕೊಳ್ತೀರಾ?"

"ನನಗೇನೂ ಆಗಿಲ್ಲಮ್ಮ. ನೀನು ಹಾಕ್ಕೊಂಡಿದೀಯಲ್ಲ, ಆಯ್ತಲ್ಲ."

ಅವಳು ಕಿಟಕಿಗೆ ಒತ್ತಿಕೊಂಡಳು. ಮಾವ ಹಿಂದಿನ ಸೀಟಿನವನ ಜೊತೆ ಔಷಧಿ ಕಂಪನಿಗಳ ಬಗ್ಗೆ ಮಾತು ತೆಗೆದರು. ಮಾತಿನ ಭರದಲ್ಲಿ ಉಗುಳು ಸಿಡಿಯಿತು. ಬಸುರಿ ಸುತ್ತ ನೋಡಿದಳು. ಬೇರೆ ಸೀಟು ಇರಲಿಲ್ಲ. ಕೈಯೆತ್ತಿ ಕರೆದಳು.

"ಮೇಡಂ, ನೀವಾದ್ರೂ ಇವರಿಗೆ ಹೇಳಿ. ಇದೇ ವಾರ ನನ್ನ ಹೆರಿಗೆ ಡೇಟು."

ಇಡೀ ಬಸ್ಸು ಕಂಡಕ್ಟರ್ ಕಡೆ ತಿರುಗಿತು. ಮಾವನೂ ತಿರುಗಿದರು, ಮುಖದಲ್ಲಿ ಸಣ್ಣ ನಗು. ಹಿಂದೆ ಯಾರೋ ಫೋನು ಎತ್ತಿದ್ದು ಅವಳ ಕಣ್ಣಿಗೆ ಬಿತ್ತು. ಎಂಟು ಹೆಜ್ಜೆ ನಡೆದರೆ ಮಾವನ ಸೀಟು. ಅವಳು ಅರ್ಧ ದಾರಿ ಹೋದಳು. ಅಲ್ಲಿಯೇ ನಿಂತು ಕಂಬಿ ಹಿಡಿದುಕೊಂಡಳು.

"ನಾನು ಹೇಳೋ ಹಾಗಿಲ್ಲ ತಾಯಿ."

ಮುಂದಿನ ಸ್ಟಾಪಿನಲ್ಲಿ ಆ ಹೆಂಗಸು ಎದ್ದಳು. ಆಸ್ಪತ್ರೆ ಇನ್ನೂ ಮೂರು ಸ್ಟಾಪ್ ಆಚೆಗಿತ್ತು. ಒಂದು ಕೈ ಸೊಂಟಕ್ಕೆ, ಒಂದು ಕೈ ಕಂಬಿಗೆ ಕೊಟ್ಟು ಮೆಟ್ಟಿಲಿಳಿದಳು. ಇಳಿಯುವಾಗ ಕಂಡಕ್ಟರ್ ಮುಖವನ್ನು ಒಮ್ಮೆ ನೋಡಿದಳು. "ರೈಟ್" ಎಂದಾಗ ಕಂಡಕ್ಟರಿಗೆ ತನ್ನ ಧ್ವನಿಯೇ ಬೇರೆ ಯಾರದೋ ಅನ್ನಿಸಿತು.

ಸಂಜೆ ಊಟಕ್ಕೆ ಕೂತಾಗ ಮಾವ ಖುಷಿಯಲ್ಲಿದ್ದರು. ಬ್ಯಾಂಕಿನ ಕೆಲಸ ಸಲೀಸಾಗಿ ಆಗಿತ್ತು.

"ಇವತ್ತು ಇವಳ ಕೆಲಸ ಕಣ್ಣಾರೆ ನೋಡಿದೆ ಕಣೋ," ಎಂದರು ಮಗನಿಗೆ. "ಒಬ್ಬಳು ಬಸ್ಸಲ್ಲಿ ರಂಪ ಮಾಡಿದ್ಲು. ಇವಳು ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿಯಿಲ್ಲ. ಡ್ಯೂಟಿ ಅಂದ್ರೆ ಹಾಗಿರಬೇಕು. ಕಲಿತ್ಲು ನೋಡು."

ಮಗಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು. "ಏನಾಯ್ತಮ್ಮ?"

"ತಾತ ಮಾಸ್ಕ್ ಹಾಕಿರ್ಲಿಲ್ಲ. ಪಕ್ಕದಲ್ಲಿ ಬಸುರಿ ಇದ್ಲು. ಹೇಳಿ ಅಂದ್ಲು."

"ನೀನು ಹೇಳಿದ್ಯಾ?"

"ಇಲ್ಲ."

"ತಾತನಿಗೂ ಹೇಳ್ಲಿಲ್ವಾ? ಮನೇಲಿ ದಿನಾ ಹೇಳ್ತಿದ್ದೋಳು?"

"ಇಲ್ಲ. ಅವಳೇ ಇಳಿದು ಬಿಸಿಲಲ್ಲಿ ನಡ್ಕೊಂಡು ಹೋದ್ಲು." ಅವಳು ಮಾವನ ಕಡೆ ತಿರುಗಿದಳು. ಧ್ವನಿ ಏರಲಿಲ್ಲ. "ಇಳಿಸಬೇಕಾಗಿದ್ದದ್ದು ನಿಮ್ಮನ್ನ ಮಾವ. ನಿಮ್ಮನ್ನ ಇಳಿಸಿದ್ರೆ ನಾಳೆ ಈ ಮನೇಲಿ ಒಲೆ ಹತ್ತಲ್ಲ ಅಂತ ಸುಮ್ನಾದೆ. ನೀವೇ ಬರೆದುಕೊಟ್ಟಿದ್ರಲ್ಲ, ಎಲ್ಲಾ ತಪ್ಪೂ ನಂದೇ ಅಂತ. ಇವತ್ತಿಂದೂ ನಂದೇ. ನೀವು ಉಣ್ಣಿ."

"ಆಯ್ತು ಬಿಡು, ಊಟದ ಹೊತ್ತಲ್ಲಿ ಯಾಕೆ," ಎಂದ ಗಂಡ, ಯಾರ ಮುಖವನ್ನೂ ನೋಡದೆ.

ಮಾವನ ಕೈ ತಟ್ಟೆಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅನ್ನ ಕಲಸಿದರು. ಆಮೇಲೆ ತಟ್ಟೆ ಮುಂದಕ್ಕೆ ಸರಿಸಿ, "ಇನ್ನೊಂದು ಸೌಟು ಸಾರು ಹಾಕು" ಎಂದರು.

ಅವಳು ಹಾಕಿದಳು. ಗಂಡನ ತಟ್ಟೆಗೂ ಹಾಕಿದಳು. ಮಗಳ ಹತ್ತಿರ ಹೋದಾಗ ಮಗಳು ತಟ್ಟೆಗೆ ಅಡ್ಡವಾಗಿ ಅಂಗೈ ಹಿಡಿದಳು. ತಾತನ ಕಡೆ ನೋಡುತ್ತಿರಲಿಲ್ಲ, ಅಮ್ಮನನ್ನೇ ನೋಡುತ್ತಿದ್ದಳು.

"ನನಗೆ ಬೇಡ," ಎಂದು ಎದ್ದು ಒಳಗೆ ಹೋದಳು.

ಕಂಡಕ್ಟರ್ ತನ್ನ ತಟ್ಟೆಗೆ ಬಡಿಸಿಕೊಂಡು ಕೂತಳು. ಬೆಳಗ್ಗೆ ಐದಕ್ಕೆ ಪಾಳಿ. ಉಣ್ಣಲೇಬೇಕಿತ್ತು, ಉಂಡಳು.